ನಾನ್‌ಬೈನರಿ ವ್ಯಕ್ತಿಗಳಿಗೆ ಕನ್ನಡದ ಸರ್ವನಾಮ: ಆರಿಸಿಕೊಳ್ಳುವುದು, ಮನೆಯಲ್ಲಿ ಹೇಳುವುದು, ಕಾಗದದಲ್ಲಿ ಬರೆಸುವುದು

ತಮ್ಮನ್ನು ಗಂಡು ಎಂದಾಗಲಿ ಹೆಣ್ಣು ಎಂದಾಗಲಿ ಪೂರ್ತಿಯಾಗಿ ಒಪ್ಪಿಕೊಳ್ಳಲಾಗದ, ಎರಡರ ನಡುವೆಯೋ ಎರಡರ ಹೊರಗೋ ತಮ್ಮ ಲಿಂಗತ್ವವನ್ನು ಕಂಡುಕೊಂಡಿರುವ ವ್ಯಕ್ತಿಗಳು ಈಚಿನ ವರ್ಷಗಳಲ್ಲಿ ತಮ್ಮನ್ನು ‘ನಾನ್‌ಬೈನರಿ’ ಎಂದು ಹೇಳಿಕೊಳ್ಳುತ್ತಿದ್ದಾರೆ. ತುಮಕೂರಿನಲ್ಲಿ ಓದುವ, ಕೋಲಾರದ ನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ, ಗೌರಿಬಿದನೂರಿನಿಂದ ದಿನವೂ ಬೆಂಗಳೂರಿಗೆ ಹೋಗಿಬರುವ ಯುವಜನರಿಗೆ ಈ ವಿಷಯದಲ್ಲಿ ಸಿಗುವ ಸಲಹೆಗಳು ಬಹುಪಾಲು ಇಂಗ್ಲಿಷಿನವು; ‘ಹೀ’, ‘ಶೀ’, ‘ದೇ’ಗಳಲ್ಲಿ ಒಂದನ್ನು ಆರಿಸಿ ಎಲ್ಲರಿಗೂ ತಿಳಿಸಿಬಿಡಿ ಎಂಬಲ್ಲಿಗೆ ಅವು ಮುಗಿಯುತ್ತವೆ. ಕನ್ನಡದಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮಲ್ಲಿ ಲಿಂಗವು ಸರ್ವನಾಮದಲ್ಲಿ ಮಾತ್ರವಲ್ಲ, ಕ್ರಿಯಾಪದದ ತುದಿಯಲ್ಲಿದೆ, ಕೂಗಿ ಕರೆಯುವ ಮಾತಿನಲ್ಲಿದೆ, ನಂಟಿನ ಹೆಸರಿನಲ್ಲಿದೆ. ಲಿಂಗ ಹೇಳದ ‘ಅವರು’ ಎಂಬ ಪದ ಸಿದ್ಧವಾಗಿಯೇ ಇದೆ, ನಿಜ. ಆದರೆ ಅದು ಗೌರವದ ಜೊತೆಗೆ ದೂರವನ್ನೂ ತರುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ಸರ್ವನಾಮವನ್ನು ಸಾರುವುದಕ್ಕಿಂತ, ಕಚೇರಿಯಲ್ಲಿ ಒಂದು, ಗೆಳೆಯರಲ್ಲಿ ಒಂದು, ಅಮ್ಮನ ಬಾಯಲ್ಲಿ ಇನ್ನೊಂದು ಎಂದು ಸಂಬಂಧಕ್ಕೆ ತಕ್ಕಂತೆ ಆರಿಸಿಕೊಳ್ಳುವುದೇ ಕನ್ನಡದಲ್ಲಿ ನಡೆಯುವ ದಾರಿ ಎಂಬುದು ನನ್ನ ಅಭಿಪ್ರಾಯ.

ಒಂದೆರಡು ಗೊಂದಲಗಳನ್ನು ಮೊದಲೇ ಬದಿಗಿಡಬಹುದು. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬುದು ಬೇರೆ ವಿಷಯ, ತಾನು ಯಾರು ಎಂಬುದು ಬೇರೆ ವಿಷಯ. ನಾನ್‌ಬೈನರಿ ಎನ್ನಿಸಿಕೊಳ್ಳಲು ಶಸ್ತ್ರಚಿಕಿತ್ಸೆ, ಹಾರ್ಮೋನು, ಇಂಥದೇ ಉಡುಪು ಯಾವುದೂ ಷರತ್ತಲ್ಲ. ಪಂಚೆಯುಟ್ಟು ಮೀಸೆ ಬಿಟ್ಟವರೂ ಆಗಿರಬಹುದು, ಸೀರೆಯುಟ್ಟವರೂ ಆಗಿರಬಹುದು. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ದೊಡ್ಡ ಹೆಸರಿನೊಳಗೆ ನಾನ್‌ಬೈನರಿಗಳೂ ಬರುತ್ತಾರೆ, ಮಂಗಳಮುಖಿಯರೂ ಯಲ್ಲಮ್ಮನಿಗೆ ಮುಡಿಪಾದ ಜೋಗಪ್ಪಗಳೂ ಬರುತ್ತಾರೆ. ಆದರೆ ಒಬ್ಬರ ಬದುಕು ಇನ್ನೊಬ್ಬರದರಂತಿಲ್ಲ. ಇದು ಕಾಯಿಲೆಯೂ ಅಲ್ಲ: 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿಯಲ್ಲಿ ಇಂಥ ಲಿಂಗತ್ವದ ವಿಷಯವನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ಹೊರತೆಗೆಯಲಾಗಿದೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವ ಬಂಧುಗಳಿಗೂ, ಸರಿಪಡಿಸಿಕೊಡುತ್ತೇವೆ ಎನ್ನುವವರಿಗೂ ಇದನ್ನು ಹೇಳಬಹುದು.

ಮೊದಲು ಕೇಳಿಸಿಕೊಂಡು ನೋಡಿ

ಕನ್ನಡದಲ್ಲಿ ನಮ್ಮ ಬಗ್ಗೆ ನಾವೇ ಮಾತಾಡುವಾಗ ಲಿಂಗ ಬರುವುದೇ ಇಲ್ಲ. ‘ನಾನು ಬಂದೆ’, ‘ನಾನು ಹೋಗುತ್ತೇನೆ’ ಎಂಬುದನ್ನು ಯಾರು ಹೇಳಿದರೂ ಒಂದೇ. ಹಾಗಾಗಿ ಯಾವ ಸರ್ವನಾಮ ತನಗೆ ಒಗ್ಗುತ್ತದೆ ಎಂದು ಒಬ್ಬರೇ ಕೂತು ಯೋಚಿಸಿದರೆ ತಿಳಿಯುವುದು ಕಷ್ಟ. ನಮ್ಮ ಲಿಂಗ ನಮಗೆ ಕೇಳಿಸುವುದು ಇನ್ನೊಬ್ಬರ ಬಾಯಿಂದ, ಅದೂ ಅವರು ನಮ್ಮ ಬಗ್ಗೆ ಮೂರನೆಯವರ ಹತ್ತಿರ ಮಾತಾಡುವಾಗ. ನಂಬಿಕೆಯ ಒಬ್ಬ ಸ್ನೇಹಿತರನ್ನು ಕೇಳಿ, ನಿಮ್ಮೆದುರಿಗೇ ನಿಮ್ಮ ಬಗ್ಗೆ ಬೇರೆ ಬೇರೆ ರೀತಿಯಲ್ಲಿ ಮಾತಾಡಿಸಿ. ‘ಮಂಜು ನಿನ್ನೆ ಸಿರಾಗೆ ಹೋಗಿದ್ದ’, ‘ಹೋಗಿದ್ಲು’, ‘ಹೋಗಿದ್ರು’ ಎಂಬ ಮೂರರಲ್ಲಿ ಯಾವುದು ಕಿವಿಗೆ ಬಿದ್ದಾಗ ಮೈ ಸಡಿಲವಾಗುತ್ತದೆ, ಯಾವುದಕ್ಕೆ ಮುಖ ತಿರುಗಿಸಬೇಕೆನಿಸುತ್ತದೆ ಎಂದು ಗಮನಿಸಿ. ಒಂದು ಸಂಜೆಯ ಮಾತಿನಲ್ಲಿ ತೀರ್ಮಾನಿಸಬೇಕಿಲ್ಲ. ವಾಟ್ಸಾಪ್‌ನಲ್ಲಿ ಕೆಲವು ವಾರ ಹಾಗೇ ಬರೆಯಲು ಹೇಳಬಹುದು. ಜೊತೆಗೆ ಸ್ನೇಹಿತರ ಬಾಯಿಗೂ ಅಭ್ಯಾಸವಾಗುತ್ತದೆ. ಮುಂದೆ ನಾಲ್ಕು ಜನರ ನಡುವೆ ಅವರು ಸಲೀಸಾಗಿ ಆಡುವ ಮಾತೇ ನಿಮ್ಮ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಂಜು ಎಂಬ ಹೆಸರನ್ನು ಬೇಕೆಂದೇ ಬಳಸಿದ್ದೇನೆ. ಮಂಜುನಾಥನೂ ಮಂಜು, ಮಂಜುಳೆಯೂ ಮಂಜು. ಕಿರಣ್, ಶಶಿ, ಜ್ಯೋತಿ ಮೊದಲಾದ ಹೆಸರುಗಳೂ ನಮ್ಮಲ್ಲಿ ಎರಡೂ ಕಡೆ ನಡೆಯುತ್ತವೆ. ಹೆಸರು ಬದಲಿಸಬೇಕೆನಿಸಿದರೆ ಇರುವ ಹೆಸರನ್ನೇ ಮೊಟಕು ಮಾಡಿಕೊಳ್ಳುವುದು ಸುಲಭ, ಮನೆಯವರೂ ಬೇಗ ಒಪ್ಪುತ್ತಾರೆ.

ಇರುವ ದಾರಿಗಳು

ಹೆಚ್ಚಿನವರು ಆರಿಸಿಕೊಳ್ಳುವುದು ‘ಅವರು, ಇವರು, ಬಂದರು, ಹೋಗುತ್ತಾರೆ’ ಎಂಬ ಬಹುವಚನವನ್ನು. ಇದಕ್ಕೆ ಯಾರಿಗೂ ಹೊಸ ವ್ಯಾಕರಣ ಕಲಿಸಬೇಕಿಲ್ಲ. ‘ಒಬ್ಬ’, ‘ಒಬ್ಬಳು’ ಬದಲು ‘ಒಬ್ಬರು’, ‘ಚಿಕ್ಕವನು’, ‘ಚಿಕ್ಕವಳು’ ಬದಲು ‘ಚಿಕ್ಕವರು’ ಎಂದು ಉಳಿದ ಪದಗಳೂ ಹಿಂದೆಯೇ ಬರುತ್ತವೆ. ಕೆಲವರು ‘ಅವನು’ ಮತ್ತು ‘ಅವಳು’ ಎರಡನ್ನೂ ಒಪ್ಪುತ್ತಾರೆ, ಬಾಯಿಗೆ ಬಂದದ್ದನ್ನು ಹೇಳಿ ಎನ್ನುತ್ತಾರೆ; ಇನ್ನು ಕೆಲವರು ಹುಟ್ಟಿನಿಂದ ಬಂದದ್ದನ್ನೇ ಉಳಿಸಿಕೊಳ್ಳುತ್ತಾರೆ. ಹಳೆಯ ಸರ್ವನಾಮವನ್ನು ಉಳಿಸಿಕೊಂಡ ಮಾತ್ರಕ್ಕೆ ಯಾರೂ ನಾನ್‌ಬೈನರಿ ಅಲ್ಲವೆಂದಾಗುವುದಿಲ್ಲ.

ಸರ್ವನಾಮವೇ ಬೇಡ, ಹೆಸರು ಹೇಳಿದರೆ ಸಾಕು ಎನ್ನುವವರು ಒಂದು ತೊಡಕನ್ನು ತಿಳಿದಿರಬೇಕು: ಹೆಸರು ಹೇಳಿದರೂ ಕ್ರಿಯಾಪದ ಬಿಡುವುದಿಲ್ಲ, ‘ಮಂಜು ಬರ್ತಾನೆ’ ಅಥವಾ ‘ಬರ್ತಾಳೆ’ ಎಂದು ಅದು ಕೊನೆಯಲ್ಲಿ ಲಿಂಗವನ್ನು ಹೇಳಿಯೇ ತೀರುತ್ತದೆ. ಆದರೆ ಕನ್ನಡದಲ್ಲಿ ಲಿಂಗ ತೋರದ ವಾಕ್ಯಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ನಿಷೇಧದಲ್ಲಿ ಲಿಂಗವಿಲ್ಲ: ‘ಮಂಜು ಬಂದಿಲ್ಲ’, ‘ಮಂಜು ಬರುವುದಿಲ್ಲ’. ‘ಬೇಕು’, ‘ಬಹುದು’, ‘ಲಿ’ ಸೇರಿದಲ್ಲಿ ಇಲ್ಲ: ‘ಮಂಜು ಬರಬೇಕು’, ‘ಬರಬಹುದು’, ‘ಬರಲಿ’. ಹಸಿವು, ಜ್ವರ, ಇಷ್ಟ, ತಿಳಿವಳಿಕೆಗಳೆಲ್ಲ ‘ಗೆ’ ಸೇರಿಸಿ ಹೇಳುವಂಥವು, ಅಲ್ಲೂ ಇಲ್ಲ: ‘ಮಂಜುಗೆ ಹಸಿವಾಗಿದೆ’, ‘ಮಂಜುಗೆ ಗೊತ್ತು’. ‘ಮಂಜು ಇನ್ನೂ ಬಂದಿಲ್ಲ, ಇವತ್ತು ಮಂಜುಗೆ ಪರೀಕ್ಷೆ, ಊಟಕ್ಕೆ ಬರೋದು ತಡ ಆಗಬಹುದು’ ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿದರೆ ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಕೃತಕತೆಯೂ ಇಲ್ಲ. ‘ಮಂಜು ಬಂದ’ ಎನ್ನುವಂಥ ನೇರ ವಾಕ್ಯ ಬಂದಾಗ ಮಾತ್ರ ‘ಮಂಜು ಬಂದಾಯ್ತು’ ಎಂದೋ, ‘ಈಗ ಬಂದಿದ್ದು ಮಂಜುನೇ’ ಎಂದೋ ತಿರುಗಿಸಬೇಕಾಗುತ್ತದೆ. ಬಹುವಚನ ಬೇಡವಾದವರಿಗೆ, ಅದರಲ್ಲೂ ಮನೆಯೊಳಗಿನ ಮಾತಿಗೆ, ನಾನು ಮೊದಲು ಸೂಚಿಸುವ ದಾರಿ ಇದು.

‘ಅದು’ ಎಂಬುದರ ಬಗ್ಗೆ ಎಚ್ಚರ ಬೇಕು. ನಮ್ಮ ಕಡೆಯ ಮನೆಗಳಲ್ಲಿ ಅದು ಅಕ್ಕರೆಯ ಮಾತೂ ಹೌದು. ‘ನಮ್ಮ ದೊಡ್ಡದು ಪಿಯುಸಿ, ಚಿಕ್ಕದು ಹೈಸ್ಕೂಲು’ ಎಂದು ತಾಯಂದಿರು ಹೇಳುತ್ತಾರೆ, ‘ಪಾಪ, ಅದಕ್ಕೆ ಏನು ಗೊತ್ತಾಗುತ್ತೆ’ ಎನ್ನುತ್ತಾರೆ. ಅದೇ ಪದವನ್ನು ಬಸ್‌ ಸ್ಟ್ಯಾಂಡಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರನ್ನು ತೋರಿಸಿ ಹೇಳಿದಾಗ ಅದು ಮನುಷ್ಯರ ಲೆಕ್ಕದಿಂದ ಹೊರಗಿಡುವ ಮಾತು. ಆದ್ದರಿಂದ ಅದನ್ನು ನೀವಾಗಿ ಬಯಸಿ ಆರಿಸಿಕೊಂಡರೆ ಸರಿ. ಬೇರೆಯವರು ತಾವಾಗಿ ಹಚ್ಚುವಂತಿಲ್ಲ.

ಮನೆಯಲ್ಲಿ

ಕಷ್ಟವಿರುವುದೆಲ್ಲ ಇಲ್ಲಿ. ಹೊರಗೆ ಎಲ್ಲರಿಗೂ ಸಲ್ಲುವ ‘ಅವರು’ ಮನೆಯೊಳಗೆ ಬಂದರೆ ಬೇರೆಯೇ ಆಗುತ್ತದೆ. ಮಕ್ಕಳಿಗೂ ‘ಬನ್ನಿ, ಹೋಗಿ’ ಎನ್ನುವ ಮನೆಗಳು ಇವೆ, ಅಲ್ಲಿ ತೊಂದರೆಯಿಲ್ಲ. ಆದರೆ ಬಹಳಷ್ಟು ಮನೆಗಳಲ್ಲಿ ಮಕ್ಕಳಿಗೆ ಬಹುವಚನ ಬರುವುದು ಕೋಪದಲ್ಲಿ, ವ್ಯಂಗ್ಯದಲ್ಲಿ: ಎಂಟು ಗಂಟೆಗೆ ಎದ್ದವರಿಗೆ ‘ಸಾಹೇಬ್ರು ಈಗ ಎದ್ರಾ?’ ಎಂದು, ಕೆಲಸ ತಪ್ಪಿಸಿಕೊಂಡವರಿಗೆ ‘ದೊಡ್ಡೋರು, ಅವರಿಗೆ ಹೇಳೋಕಾಗುತ್ತಾ’ ಎಂದು. ಅಂಥ ಮನೆಯಲ್ಲಿ ನನ್ನನ್ನು ‘ಅವರು’ ಎನ್ನಿ ಎಂದು ಕೇಳಿದರೆ ಅಮ್ಮನ ಕಿವಿಗೆ ಅದು ‘ನನ್ನನ್ನು ಹೊರಗಿನವರಂತೆ ನೋಡು’ ಎಂದೇ ಕೇಳಿಸುತ್ತದೆ, ಹೊತ್ತು ಹೆತ್ತವಳಿಗೆ ಆಗುವ ಆ ನೋವು ನಿಮ್ಮ ಲಿಂಗತ್ವಕ್ಕೆ ತೋರಿದ ವಿರೋಧವೆಂದು ನಿಮಗೆ ಕಾಣುತ್ತದೆ, ಇಬ್ಬರೂ ಬೇರೆ ಬೇರೆ ವಿಷಯಕ್ಕೆ ಜಗಳವಾಡಿದಂತಾಗುತ್ತದೆ.

ಆದ್ದರಿಂದ ಮನೆಯಲ್ಲಿ ಸರ್ವನಾಮದಿಂದ ಆರಂಭಿಸಬೇಡಿ. ಕರೆಯುವ ಮಾತಿನಿಂದ ಆರಂಭಿಸಿ. ‘ನೀನು’ ಎಂಬುದಕ್ಕೆ ಲಿಂಗವಿಲ್ಲ, ಆದರೆ ಅದರ ಬೆನ್ನಿಗೇ ಬರುವ ‘ಬಾರೋ, ಬಾರೇ’, ‘ಏನೋ, ಏನೇ’, ‘ಕಣೋ, ಕಣೇ’, ‘ಬಾರಪ್ಪ, ಬಾರಮ್ಮ’ಗಳಿಗೆ ಇದೆ. ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವುದು ಇವೇ. ‘ಅಮ್ಮ, ನನ್ನನ್ನ ಬಾರೋ ಅನ್ನೋದು ಬೇಡ, ಬಾ ಅನ್ನು ಸಾಕು, ಇಲ್ಲಾ ಮಂಜು ಅಂತ ಕೂಗು’ ಎಂದು ಕೇಳುವುದು ಚಿಕ್ಕ ಕೋರಿಕೆ, ಅದರಲ್ಲಿ ಪ್ರೀತಿ ಕಡಿಮೆಯಾಗುವ ಭಯವಿಲ್ಲ. ‘ಕಂದ’, ‘ಮಗು’, ‘ಚಿನ್ನ’, ‘ಬಂಗಾರ’ ಇವೆಲ್ಲ ಯಾರಿಗೂ ಸಲ್ಲುವ ಮಾತುಗಳು, ಅಮ್ಮನ ಬಾಯಲ್ಲಿ ಮೊದಲೇ ಇರುವಂಥವು. ಅದು ಒಗ್ಗಿದ ಮೇಲೆ ‘ಇವನು ನನ್ನ ಮಗ’, ‘ಇವಳು ನನ್ನ ಮಗಳು’ ಎಂದು ಪರಿಚಯಿಸುವ ಬದಲು ‘ಇದು ನಮ್ಮ ಮಂಜು’ ಎನ್ನುವಂತೆ, ‘ಒಬ್ಬನೇ ಮಗ’ ಬದಲು ‘ನಮಗೆ ಒಂದೇ ಮಗು’ ಎನ್ನುವಂತೆ ಕೇಳಬಹುದು. ಹೊರಗಿನವರ ಹತ್ತಿರ ಆಡುವ ಮಾತಿಗೆ ಮೇಲೆ ಹೇಳಿದ ‘ಬಂದಿಲ್ಲ, ಬರಬಹುದು, ಹಸಿವಾಗಿದೆ’ಗಳಿವೆ. ಹೀಗೆ ನಡೆದರೆ ‘ಅವರು’ ಎಂಬ ಪದವನ್ನು ಅಮ್ಮ ಒಮ್ಮೆಯೂ ಹೇಳದೆ ಹೋದರೂ ಮನೆಯೊಳಗೆ ನಿಮಗೆ ಬೇಡದ ಮಾತು ಬಹುಮಟ್ಟಿಗೆ ನಿಲ್ಲುತ್ತದೆ.

ನಂಟಿನ ಹೆಸರುಗಳು ಇದಕ್ಕಿಂತ ಜಿಗುಟು. ತಮ್ಮ ತಂಗಿಯರು ಹಿರಿಯರನ್ನು ಬರೀ ಹೆಸರಿಡಿದು ಕೂಗಿದರೆ ಮನೆಯಲ್ಲಿ ಬೈಗುಳ ಬೀಳುತ್ತದೆ, ‘ಅಣ್ಣ’, ‘ಅಕ್ಕ’ ಎರಡಕ್ಕೂ ನಡುವಿನ ಪದ ನಮ್ಮಲ್ಲಿ ಇಲ್ಲ. ಕೆಲವರು ಮುದ್ದಿನ ಹೆಸರೊಂದನ್ನು ಒಡಹುಟ್ಟಿದವರ ನಡುವೆ ಇಟ್ಟುಕೊಳ್ಳುತ್ತಾರೆ. ಕೆಲವರು ‘ಅಕ್ಕ’ ಎಂಬುದನ್ನೇ ಉಳಿಸಿಕೊಳ್ಳುತ್ತಾರೆ, ತಂಗಿ ಕರೆಯುವಾಗ ಅದು ಲಿಂಗವಲ್ಲ, ಸಂಬಂಧ ಎನ್ನುತ್ತಾರೆ. ಎರಡೂ ಸರಿ. ತಂಗಿಯ ಮದುವೆಯ ಲಗ್ನಪತ್ರಿಕೆ ಅಚ್ಚಾಗುವಾಗ ಮಾತ್ರ ಮೊದಲೇ ಹೇಳಿಬಿಡಿ: ನಿಮ್ಮ ಹೆಸರಿನ ಹಿಂದೆ ‘ಶ್ರೀ’, ‘ಕುಮಾರಿ’, ‘ಚಿ.’ ಏನೂ ಹಾಕಿಸದೆ ಬರೀ ಹೆಸರು ಹಾಕಿಸಿದರೆ ಯಾರೂ ಗಮನಿಸುವುದಿಲ್ಲ. ಅಚ್ಚಾದ ಮೇಲೆ ಕೇಳಿದರೆ ಊರಿಗೆಲ್ಲ ಸುದ್ದಿಯಾಗುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳಲ್ಲಿ ಎಲ್ಲ ಮನೆಗಳ ಮಾತೂ ಕನ್ನಡವಲ್ಲ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ತೆಲುಗು ಮನೆಗಳು ಬಹಳ; ಅಲ್ಲಿ ‘ವಚ್ಚಾಡು’ ಗಂಡಿಗೆ, ‘ವಚ್ಚಿಂದಿ’ ಹೆಣ್ಣಿಗೂ ವಸ್ತುವಿಗೂ, ‘ವಚ್ಚಾರು’ ಬಹುವಚನಕ್ಕೆ. ಕನ್ನಡದ ‘ಬಾರೋ’ದಂತೆ ಅಲ್ಲಿಯ ‘ರಾರಾ’, ‘ಏಮೇ’ಗಳಲ್ಲಿ ಲಿಂಗ ಕೇಳಿಸುತ್ತದೆ, ಬರೀ ‘ರಾ’ ಎಂದರೆ ಕೇಳಿಸುವುದಿಲ್ಲ. ಕೆಜಿಎಫ್‌ನ ತಮಿಳು ಮನೆಗಳಲ್ಲಿ ‘ವಂದಾಂಗ’ ಎಂಬ ಬಹುವಚನವಿದೆ, ಬಿಡಬೇಕಾದದ್ದು ‘ಡಾ’, ‘ಡೀ’ಗಳನ್ನು. ಉರ್ದು ಮನೆಮಾತಿನವರಿಗೆ ಇನ್ನೂ ಒಂದು ಹೊರೆ: ಅಲ್ಲಿ ‘ನಾನು ಬಂದೆ’ ಎನ್ನುವಾಗಲೂ ‘ಆಯಾ’, ‘ಆಯೀ’ ಎಂದು ಲಿಂಗ ಹೇಳಲೇಬೇಕು, ಅದಕ್ಕಾಗಿ ಕೆಲವರು ‘ಹಮ್’ ಎಂಬ ಬಹುವಚನವನ್ನು ಹಿಡಿಯುತ್ತಾರೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು ಭಾಷೆ ಇರುವವರು ಎರಡರಲ್ಲೂ ಒಂದೇ ಆಯ್ಕೆ ಮಾಡಬೇಕಾಗಿಲ್ಲ.

ಯಾವಾಗ ಹೇಳಬೇಕು ಎಂಬುದು ಏನು ಹೇಳಬೇಕು ಎಂಬುದರಷ್ಟೇ ಮುಖ್ಯ. ಯುಗಾದಿಗೋ ವರಮಹಾಲಕ್ಷ್ಮಿ ಹಬ್ಬಕ್ಕೋ ನೆಂಟರು ತುಂಬಿರುವಾಗ ಬೇಡ. ಮನೆಯವರ ಉತ್ತರ ನಿಮಗಾಗಿ ಅಲ್ಲ, ನೆಂಟರಿಗಾಗಿ ಬರುತ್ತದೆ. ನಿಮ್ಮ ಮಾತು ಕೇಳುವ ಒಬ್ಬ ಚಿಕ್ಕಮ್ಮನೋ ಸೋದರತ್ತೆಯೋ ಇದ್ದರೆ ಅವರಿಗೆ ಮೊದಲು ಹೇಳಿ, ಅಪ್ಪನ ‘ಜನ ಏನಂತಾರೆ’ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರಕ್ಕೆ ತೂಕ ಹೆಚ್ಚು. ಹೊಡೆತ ಬೀಳಬಹುದು, ಹೊರಗೆ ಹಾಕಬಹುದು, ಬಲವಂತದ ಮದುವೆ ಗೊತ್ತು ಮಾಡಬಹುದು ಎಂಬ ಅನುಮಾನವಿದ್ದರೆ, ಮತ್ತು ಫೀಸು, ಊಟ ಮನೆಯವರ ಕೈಯಲ್ಲಿದ್ದರೆ, ಹೇಳುವುದನ್ನು ಮುಂದೂಡುವುದರಲ್ಲಿ ಯಾವ ಮೋಸವೂ ಇಲ್ಲ. ಮೊದಲು ಅಂಕಪಟ್ಟಿಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಕೈಯಲ್ಲಿರಲಿ, ನಾಲ್ಕು ದಿನ ಉಳಿಯಲು ಒಂದು ಮನೆ ಗೊತ್ತಿರಲಿ. ಮನಸ್ಸು ತೀರಾ ಕುಗ್ಗಿದಾಗ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಕಾನೂನಿನ ನೆರವಿಗೆ 15100 ಇದೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರವಿದೆ.

ಕಾಲೇಜು, ಕೆಲಸ, ಬಾಡಿಗೆ ಮನೆ

ಕೆಲಸದ ಜಾಗದಲ್ಲಿ ಎಲ್ಲರಿಗೂ ‘ಅವರು’ ಸಲ್ಲುವುದರಿಂದ ನಿಮಗೂ ಸಲ್ಲುತ್ತದೆ, ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಇದು ಅನುಕೂಲವೂ ಹೌದು, ತೊಡಕೂ ಹೌದು: ಸಲುಗೆ ಬೆಳೆದ ದಿನ ಬಹುವಚನ ತಾನಾಗಿ ಜಾರಿ ‘ಅವನು’ ಅಥವಾ ‘ಅವಳು’ ಬಂದುಬಿಡುತ್ತದೆ, ಆಗ ಹೇಳಿದರೆ ಸ್ನೇಹವನ್ನು ಹಿಂದಕ್ಕೆ ತಳ್ಳಿದಂತೆ ಅವರಿಗೆ ಅನಿಸಬಹುದು. ಹತ್ತಿರವಾಗುತ್ತಿದ್ದಾರೆ ಎನಿಸಿದವರಿಗೆ ಮೊದಲೇ ಒಂದು ಮಾತು ಹೇಳಿಟ್ಟುಕೊಳ್ಳಿ: ‘ನನ್ನನ್ನ ನೀನು ಅಂತಲೇ ಮಾತಾಡಿಸಿ, ಆದರೆ ನನ್ನ ಬಗ್ಗೆ ಹೇಳುವಾಗ ಬಂದ್ರು, ಹೋದ್ರು ಅನ್ನಿ.’ ಏಕವಚನದ ಸಲುಗೆಯನ್ನೂ ಬಹುವಚನದ ಕ್ರಿಯಾಪದವನ್ನೂ ಹೀಗೆ ಬೇರ್ಪಡಿಸಿದರೆ ಸ್ನೇಹಿತರಿಗೆ ಅದು ಅರ್ಥವಾಗುತ್ತದೆ. ಕಾಲೇಜು ಹುಡುಗ ಹುಡುಗಿಯರ ಬಾಯಲ್ಲಿ ‘ಗುರು’, ‘ಮಗ’ ಎಂಬ ಕರೆಗಳು ಈಗ ಎಲ್ಲರಿಗೂ ಸಲ್ಲುತ್ತಿವೆ. ವ್ಯಾಕರಣದವರು ಏನೇ ಹೇಳಲಿ, ಉಪಯೋಗಕ್ಕೆ ಬರುವಂಥ ಬೆಳವಣಿಗೆ ಅದು.

ಯಾರಾದರೂ ತಪ್ಪಿದರೆ ಭಾಷಣ ಮಾಡುವ ಅಗತ್ಯವಿಲ್ಲ. ‘ಮಂಜು ಬಂದ್ಲಾ?’ ಎಂದವರಿಗೆ ‘ಹೂಂ, ಮಂಜು ಬಂದ್ರು’ ಎಂದು ಸರಿಯಾದ ಕ್ರಿಯಾಪದದೊಂದಿಗೆ ಉತ್ತರಿಸಿದರೆ ಸಾಕು. ತಪ್ಪಿದವರೂ ಹತ್ತು ಸಲ ಕ್ಷಮೆ ಕೇಳದೆ, ತಿದ್ದಿಕೊಂಡು ಮಾತು ಮುಂದುವರಿಸಿದರೆ ಒಳ್ಳೆಯದು. ಬೇಕೆಂದೇ ಮಾಡುವವರ ವಿಷಯ ಬೇರೆ. ಅವರೊಂದಿಗೆ ಒಂದು ಸಲ ಸ್ಪಷ್ಟವಾಗಿ ಮಾತಾಡಿ, ಮುಂದುವರಿದರೆ ಮೇಲಿನವರಿಗೆ ಬರೆದು ಕೊಡಿ. ಪತ್ರಗಳಲ್ಲಿ ‘ಶ್ರೀ’, ‘ಶ್ರೀಮತಿ’ ಬಿಟ್ಟು ಹೆಸರು ಮಾತ್ರ ಬರೆಯಲು ಕೇಳಬಹುದು. ‘ವಿದ್ಯಾರ್ಥಿನಿ’, ‘ಶಿಕ್ಷಕಿ’ ಎಂಬಲ್ಲಿ ‘ವಿದ್ಯಾರ್ಥಿ’, ‘ಶಿಕ್ಷಕರು’ ಸಾಕು. ‘ಸಾರ್’, ‘ಮೇಡಂ’ಗಳಿಗೆ ಮಾತ್ರ ಒಳ್ಳೆಯ ಬದಲಿ ಇಲ್ಲ, ‘ಟೀಚರ್’, ‘ಡಾಕ್ಟ್ರೇ’ ಎಂದು ಹುದ್ದೆಯಿಂದ ಕರೆಸಿಕೊಳ್ಳುವ ಕೆಲಸದವರು ಪಾರಾಗುತ್ತಾರೆ. ಬಾಡಿಗೆ ಮನೆಯ ಮಾಲೀಕರಿಗೂ ಪಿಜಿಯವರಿಗೂ ನಿಮ್ಮ ಲಿಂಗತ್ವವನ್ನು ವಿವರಿಸುವ ಹೊಣೆ ನಿಮ್ಮ ಮೇಲಿಲ್ಲ.

ಕಾಗದಪತ್ರ

ಸರ್ವನಾಮಕ್ಕೆ ಯಾವ ಪ್ರಮಾಣಪತ್ರವೂ ಬೇಡ. ದಾಖಲೆಗಳಲ್ಲಿ ಲಿಂಗವನ್ನು ಬದಲಿಸಬೇಕೆಂದಿದ್ದರೆ ಮಾತ್ರ ಈ ಭಾಗ ನಿಮಗೆ ಸಂಬಂಧಿಸಿದ್ದು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ತೃತೀಯ ಲಿಂಗವನ್ನು ಮಾನ್ಯ ಮಾಡಿ, ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕನ್ನು ಎತ್ತಿಹಿಡಿಯಿತು. ನಂತರ ಬಂದ 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂದಿತು. ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಿ ಗುರುತಿನ ಪ್ರಮಾಣಪತ್ರ ಪಡೆಯುವ ಕ್ರಮವನ್ನು ಅದು ತಂದಿತು, ಅದೇ ವರ್ಷದ ನಿಯಮಗಳು ಪ್ರಮಾಣ ಮಾಡಿದ ಹೇಳಿಕೆಯ (ಅಫಿಡವಿಟ್) ಮೇಲೆ ಆನ್‌ಲೈನ್ ಅರ್ಜಿಗೂ ಅವಕಾಶ ಕೊಟ್ಟವು. ಇಂಥ ಕಾಯ್ದೆ, ನಿಯಮಗಳಿಗೆ ತಿದ್ದುಪಡಿಗಳು ಬರುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನಕ್ಕೆ ಜಾರಿಯಲ್ಲಿರುವ ಅರ್ಹತೆ, ದಾಖಲೆಗಳ ಪಟ್ಟಿಯನ್ನು ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಪತ್ರದಲ್ಲಿ ಬರುವುದು ‘ಟ್ರಾನ್ಸ್‌ಜೆಂಡರ್’ ಎಂದು. ‘ನಾನ್‌ಬೈನರಿ’ ಎಂಬ ಪ್ರತ್ಯೇಕ ಕಲಮು ಆಧಾರ್‌ನಲ್ಲಿಲ್ಲ, 2018ರಲ್ಲಿ ಮೂರನೆಯ ಆಯ್ಕೆ ಪಡೆದ ಪ್ಯಾನ್ ಕಾರ್ಡ್‌ನಲ್ಲೂ ಇಲ್ಲ. ಆ ಹೆಸರು ನಿಮಗೆ ಒಗ್ಗದಿದ್ದರೆ ದಾಖಲೆಗಳನ್ನು ಇದ್ದಂತೆಯೇ ಬಿಡಬಹುದು, ಅನೇಕರು ಬಿಟ್ಟಿದ್ದಾರೆ.

ಬದಲಿಸುವುದರಿಂದ ಕೆಲವು ಸೌಲಭ್ಯಗಳು ಸಿಗುತ್ತವೆ. ಕರ್ನಾಟಕ ಸರ್ಕಾರ 2021ರಲ್ಲಿ ರಾಜ್ಯದ ಸರ್ಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿಯನ್ನು, ಪ್ರತಿಯೊಂದು ಜಾತಿ ಪ್ರವರ್ಗದ ಒಳಗೂ ಅನ್ವಯಿಸುವಂತೆ, ತಂದಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ತುಂಬಿದ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಮುಖ ನೋಡಿ ಅನುಮಾನಿಸಿದರೆ ಮಾತಿಗೆ ಮಾತು ಬೆಳೆಸದೆ ಗುರುತಿನ ಚೀಟಿಯನ್ನು ಮುಂದೆ ಹಿಡಿಯಿರಿ. ಎಲ್ಲರೆದುರು ಚೀಟಿ ತೋರಿಸಲು ಮನಸ್ಸಿಲ್ಲದ ದಿನ ಟಿಕೆಟ್ ತೆಗೆದುಕೊಂಡು ಹೋಗುವ ಆಯ್ಕೆಯೂ ನಿಮ್ಮದೇ.

ದಾಖಲೆಗಳನ್ನು ಬದಲಿಸಲು ಹೊರಟವರು ಒಂದೇ ಕ್ರಮ ಹಿಡಿಯುವುದು ಒಳ್ಳೆಯದು: ಮೊದಲು ಜಿಲ್ಲಾಧಿಕಾರಿ ಕಚೇರಿಯ ಪ್ರಮಾಣಪತ್ರ, ಅದರ ಆಧಾರದ ಮೇಲೆ ಆಧಾರ್, ಅದರ ನಂತರ ಪ್ಯಾನ್, ಬ್ಯಾಂಕ್ ಖಾತೆ, ಮತದಾರರ ಗುರುತಿನ ಚೀಟಿ. ಹೆಸರನ್ನೂ ಬದಲಿಸುವುದಿದ್ದರೆ ಎರಡನ್ನೂ ಒಟ್ಟಿಗೇ ಮಾಡಿಸಿ, ಎಲ್ಲ ಕಡೆಯೂ ಇನಿಷಿಯಲ್ ಸಮೇತ ಅಕ್ಷರ ಅಕ್ಷರ ಒಂದೇ ಇರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರು ಉಳಿದಿರುವಷ್ಟು ಕಾಲ, ಹಳೆಯ ಮತ್ತು ಹೊಸ ಹೆಸರು ಒಬ್ಬರದೇ ಎಂದು ಹೇಳುವ ನೋಟರಿ ಅಫಿಡವಿಟ್‌ನ ಒಂದು ಮೂಲಪ್ರತಿ, ನಾಲ್ಕೈದು ಜೆರಾಕ್ಸ್ ಮತ್ತು ಫೋನಿನಲ್ಲಿ ಅದರ ಫೋಟೋ ಯಾವಾಗಲೂ ನಿಮ್ಮ ಹತ್ತಿರ ಇರಬೇಕು.